ಆಟ ಮಗನದು, ಪಿನ್ ನಮ್ಮದು

ಕಳೆದ ಮಳೆಗಾಲದ ಒಂದು ಸಂಜೆ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆ ಪಕ್ಕದ ಅಂಗಡಿಯಲ್ಲಿ ಹಾಲು, ಒಂದು ಸೇರು ಮಂಡಕ್ಕಿ ತಗೊಂಡು ಸ್ಕ್ಯಾನ್ ಮಾಡಿದೆ. ಫೇಲ್ ಅಂತ ಬಂತು. ಮತ್ತೆ ಮಾಡಿದೆ, ಮತ್ತೆ ಫೇಲ್. "ಸರ್ವರ್ ಬ್ಯುಸಿ ಇರ್ಬೇಕು ಬಿಡ್ರಿ ಅಕ್ಕಾ, ನಾಳೆ ಕೊಡ್ರಿ" ಅಂದ ಅಂಗಡಿಯ ಹುಡುಗ. ಸರ್ವರ್ ಚೆನ್ನಾಗೇ ಇತ್ತು. ಖಾತೆಯಲ್ಲಿ ದುಡ್ಡಿರಲಿಲ್ಲ.

ಮನೆಗೆ ಬಂದು ಬ್ಯಾಂಕಿನ ಲೆಕ್ಕ ತೆಗೆದು ನೋಡಿದೆ. 80 ರೂಪಾಯಿ, 80 ರೂಪಾಯಿ, 160, ಮತ್ತೆ 80, ಒಂದು ಸಲ 400. ಹದಿನೈದು ದಿನದಲ್ಲಿ ಹೀಗೆ ಹೋಗಿದ್ದು ಒಟ್ಟು 2,320 ರೂಪಾಯಿ. ಏಳನೇ ಕ್ಲಾಸಿನ ಮಗ ಗುಂಡು ಹಾರಿಸೋ ಆಟ ಒಂದರಲ್ಲಿ 'ಡೈಮಂಡ್' ಕೊಂಡಿದ್ದ, ಅಂದರೆ ಆ ಆಟದೊಳಗೆ ನಡೆಯೋ ದುಡ್ಡು. ಬ್ಯಾಂಕಿನ ಮೆಸೇಜ್ ಬಂದ ಹಾಗೇ ಅಳಿಸಿಯೂ ಹಾಕಿದ್ದ. ಪಿನ್ ಹೇಗೆ ಗೊತ್ತಾಯಿತು ಅಂತ ಕೇಳೋಕೆ ಬಾಯಿ ತೆಗೆದವಳು ಹಾಗೇ ಮುಚ್ಚಿಕೊಂಡೆ. ಮೊಸರು, ಕೊತ್ತಂಬರಿ ತರೋಕೆ ಕಳಿಸುವಾಗ ಫೋನ್ ಕೈಗೆ ಕೊಟ್ಟು ನಾಲ್ಕು ಅಂಕಿ ಬಾಯಿಪಾಠ ಮಾಡಿಸಿದವಳು ನಾನೇ.

ನಮ್ಮನೆಯವರು ಫೋನ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮಗ ರಾತ್ರಿ ಊಟ ಬಿಟ್ಟ. ನಾಲ್ಕನೇ ದಿನ ಶಾಲೆಯ ವಾಟ್ಸಾಪ್ ಗ್ರೂಪಿಗೆ ಹೋಂವರ್ಕ್ ಬಂತು, ಬೀರು ತೆರೆಯಿತು. ಶಿಕ್ಷೆ ಅಲ್ಲಿಗೆ ಮುಗಿಯಿತು. ಕಿತ್ತುಕೊಳ್ಳೋದು ಸುಲಭ, ನಾಲ್ಕು ದಿನಕ್ಕಿಂತ ಜಾಸ್ತಿ ನಡೆಯಲ್ಲ ಅಷ್ಟೇ. ಆಮೇಲೆ ಒಂದೊಂದಾಗಿ ಏನೇನು ಮಾಡಿದೆವು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಎಲ್ಲಾ ಆಂಡ್ರಾಯ್ಡ್ ಫೋನಿನ ಲೆಕ್ಕ. ಐಫೋನ್ ಇದ್ದವರಿಗೆ ಇದರಲ್ಲಿ ಮುಕ್ಕಾಲು ಪಾಲು ಸೆಟ್ಟಿಂಗ್ಸ್ ಒಳಗಿನ 'ಸ್ಕ್ರೀನ್ ಟೈಮ್'ನಲ್ಲೇ ಸಿಗುತ್ತೆ.

1. ಮೊದಲು ದುಡ್ಡಿನ ಬಾಗಿಲು ಹಾಕಿ

ಉಳಿದದ್ದೆಲ್ಲ ನಿಧಾನಕ್ಕೆ ಮಾಡಿದರೂ ನಡೆಯುತ್ತೆ. ಇದು ಇವತ್ತೇ ಆಗಬೇಕು.

ಯುಪಿಐ ಪಿನ್ ಬದಲಾಯಿಸಿ. ಮಕ್ಕಳ ಹುಟ್ಟಿದ ವರ್ಷ, ಗಾಡಿ ನಂಬರ್ ಇಡಬೇಡಿ, ಅವರು ಮೊದಲು ಒತ್ತಿ ನೋಡೋದು ಅದನ್ನೇ. ಆಮೇಲೆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಯಾರ ಯಾರ ಬೆರಳಚ್ಚು ಇದೆ ನೋಡಿ. ನನ್ನ ಫೋನ್‌ನಲ್ಲಿ ಮಗನ ಹೆಬ್ಬೆರಳೂ ಇತ್ತು! "ಮಮ್ಮಿ, ಪ್ರತಿ ಸಲ ನಿನ್ನ ಕರಿಯೋದು ಯಾಕೆ" ಅಂತ ಯಾವಾಗಲೋ ಸೇರಿಸಿಕೊಂಡಿದ್ದ, ನಾನೂ ಹೂಂ ಅಂದಿದ್ದೆ. ಅದನ್ನು ತೆಗೆಯದೆ ಬೆರಳಚ್ಚಿನ ಬೀಗ ಹಾಕಿ ಏನು ಪ್ರಯೋಜನ?

ಇನ್ನು ಪ್ಲೇ ಸ್ಟೋರ್. ಮೇಲೆ ಮೂಲೆಯಲ್ಲಿ ನಿಮ್ಮ ಫೋಟೋ ಇರೋ ಕಡೆ ಒತ್ತಿ, ಸೆಟ್ಟಿಂಗ್ಸ್‌ಗೆ ಹೋದರೆ ಪ್ರತಿ ಖರೀದಿಗೂ ಪಾಸ್‌ವರ್ಡ್ ಅಥವಾ ಬೆರಳಚ್ಚು ಕೇಳುವ ಹಾಗೆ ಮಾಡಬಹುದು. ಅದೇ ಫೋಟೋ ಒತ್ತಿದಾಗ ಬರೋ ಪಟ್ಟಿಯಲ್ಲಿ ಪೇಮೆಂಟ್ ವಿಧಾನ ಅಂತಲೂ ಇರುತ್ತೆ. ಹಳೆ ಕಾರ್ಡ್, ಯುಪಿಐ ಐಡಿ ಸೇರಿಕೊಂಡಿದ್ದರೆ ತೆಗೆದುಬಿಡಿ. ಯುಪಿಐ ಆ್ಯಪ್‌ನಲ್ಲಿ 'ಆಟೋಪೇ' ಪಟ್ಟಿಯನ್ನೂ ಒಮ್ಮೆ ನೋಡಿ. ತಿಂಗಳಿಗೊಮ್ಮೆ ತಾನಾಗೇ ಕಡಿತ ಆಗೋ ಯಾವುದೋ ಸದಸ್ಯತ್ವ ಅಲ್ಲಿ ಕೂತಿರಬಹುದು. ಯುಪಿಐ ಲೈಟ್ ಬಳಸುವವರು ಗಮನಿಸಿ, ಚಿಕ್ಕ ಮೊತ್ತಕ್ಕೆ ಅದು ಪಿನ್ ಕೇಳೋದೇ ಇಲ್ಲ.

ದುಡ್ಡು ಈಗಾಗಲೇ ಹೋಗಿದ್ದರೆ? ಪ್ಲೇ ಸ್ಟೋರ್ ಮೂಲಕ ಹೋಗಿದ್ದಾದರೆ 48 ಗಂಟೆಯೊಳಗೆ ಅಲ್ಲೇ ರೀಫಂಡ್ ಕೇಳಬಹುದು. ಬಂದೇ ಬರುತ್ತೆ ಅಂತೇನಿಲ್ಲ. ನಮಗೆ ಕೊನೆಯ 160 ರೂಪಾಯಿ ಮಾತ್ರ ಬಂತು, ಉಳಿದದ್ದರ ಗಡುವು ಮುಗಿದಿತ್ತು. ಅದೇ ಯಾರೋ ಕರೆ ಮಾಡಿ, ಲಿಂಕ್ ಕಳಿಸಿ, 'ಫ್ರೀ ಡೈಮಂಡ್ ಕೊಡ್ತೀವಿ' ಅಂತ ಒಟಿಪಿ ಇಸ್ಕೊಂಡು ಮೋಸ ಮಾಡಿದ್ದರೆ ಅದು ಬೇರೆ ವಿಷಯ. ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಮಾಡಿದಷ್ಟೂ ದುಡ್ಡು ಮುಂದಕ್ಕೆ ಹೋಗದ ಹಾಗೆ ತಡೆಯೋಕೆ ಅವಕಾಶ ಜಾಸ್ತಿ.

ಕೈಯಲ್ಲಿ ನಗದು ಇದ್ದರೂ ಆಟದೊಳಗೆ ದುಡ್ಡು ಹೋಗುತ್ತೆ, ಇದು ನನಗೆ ತಡವಾಗಿ ಗೊತ್ತಾಯಿತು. ಅಜ್ಜಿ ಕೊಟ್ಟ ನೂರು ರೂಪಾಯಿಯನ್ನು ಗೆಳೆಯನ ಕೈಗಿಟ್ಟರೆ, ಅವನು ತನ್ನ ಅಣ್ಣನ ಫೋನ್‌ನಿಂದ ರೀಚಾರ್ಜ್ ಕೋಡ್ ತೆಗೆದು ಕೊಡುತ್ತಾನೆ. ಹಾಗಾಗಿ ಮಗನ ಆಟದ ಖಾತೆಯಲ್ಲೇ ಏನೇನು ಇದೆ ಅಂತ ಆಗಾಗ ನೋಡಬೇಕು. ಹೊಸ ಬಟ್ಟೆ, ಹೊಸ ಬಂದೂಕು ಎಲ್ಲಿಂದ ಬಂತು ಅಂತ ಕೇಳೋಕೆ ಬರಬೇಕು. ಅದಕ್ಕೆ ಮುಂದಿನ ಹೆಜ್ಜೆ.

2. ಪಕ್ಕದಲ್ಲಿ ಕೂತು ಒಂದು ಆಟ ಪೂರ್ತಿ ನೋಡಿ

ಇದನ್ನು ಹೇಳಿದರೆ ಬಹಳ ಜನ ನಗುತ್ತಾರೆ. ನಮ್ಮನೆಯವರೂ ನಕ್ಕರು. ಆದರೆ ನಮ್ಮ ಮನೆಯಲ್ಲಿ ಜಗಳ ಕಡಿಮೆ ಆಗಿದ್ದು ಇದರಿಂದಲೇ.

ಒಂದು ಭಾನುವಾರ ಮಧ್ಯಾಹ್ನ ಚಾಪೆ ಮೇಲೆ ಅವನ ಪಕ್ಕ ಕೂತೆ. "ನಂಗೂ ತೋರ್ಸು, ಏನದು" ಅಂದೆ. ಮೊದಲು ಅನುಮಾನ ಪಟ್ಟ. ಆಮೇಲೆ ಶುರು ಮಾಡಿದ ನೋಡಿ, ನಿಲ್ಲಿಸಲೇ ಇಲ್ಲ. ವಿಮಾನದಿಂದ ಐವತ್ತು ಜನ ಒಂದು ದ್ವೀಪಕ್ಕೆ ಹಾರುತ್ತಾರಂತೆ. ಬಂದೂಕು ಹುಡುಕಿಕೊಳ್ಳಬೇಕು. ಸುತ್ತ ಒಂದು ವೃತ್ತ ಚಿಕ್ಕದಾಗ್ತಾ ಬರುತ್ತೆ, ಅದರ ಹೊರಗಿದ್ದರೆ ಸಾಯುತ್ತಾರೆ. ಕೊನೆಗೆ ಉಳಿದವರು ಗೆದ್ದ ಹಾಗೆ. ಒಂದು ಮ್ಯಾಚಿಗೆ ಸುಮಾರು ಹತ್ತು ಹದಿನೈದು ನಿಮಿಷ. ಇದೇ ಥರದ ಇನ್ನೊಂದು ಆಟದಲ್ಲಿ ನೂರು ಜನ ಇಳಿಯುತ್ತಾರೆ, ಒಂದು ಮ್ಯಾಚಿಗೆ ಹೆಚ್ಚುಕಡಿಮೆ ಅರ್ಧ ಗಂಟೆ.

ಆಗ ಒಂದು ವಿಷಯ ಹೊಳೆಯಿತು. "ಇನ್ನು ಐದೇ ನಿಮಿಷ, ಇಡ್ಬೇಕು" ಅಂತ ನಾನು ಅಡುಗೆಮನೆಯಿಂದ ಕೂಗುವಾಗ ಅವನು ಮ್ಯಾಚಿನ ನಡುವೆ ಇರುತ್ತಿದ್ದ. ನಾಲ್ಕು ಜನರ ಟೀಮು, ಮೂವರು ನಮ್ಮ ಓಣಿಯ ಹುಡುಗರೇ. ಇವನು ಎದ್ದು ಬಂದರೆ ಮಾರನೇ ದಿನ ಅವರು ಬಿಡುತ್ತಾರಾ? ಹೈಸ್ಕೂಲ್ ಮೈದಾನದಲ್ಲಿ ಬ್ಯಾಟಿಂಗ್ ಮಾಡ್ತಿರೋನನ್ನು ಓವರ್ ಮಧ್ಯೆ ಕರೆದ ಹಾಗೆ ಅದು. ಅವನು ನಾನು ಕೂಗಿದ್ದಕ್ಕೆ ಅಲ್ಲ, ಕೂಗಿದ ಹೊತ್ತಿಗೆ ಸಿಟ್ಟಾಗುತ್ತಿದ್ದ.

ಈಗ ನಮ್ಮ ಮನೆಯಲ್ಲಿ ನಿಮಿಷದ ಲೆಕ್ಕ ಇಲ್ಲ, ಮ್ಯಾಚಿನ ಲೆಕ್ಕ. ಶಾಲೆ ಇದ್ದ ದಿನ ಎರಡು ಮ್ಯಾಚ್, ಭಾನುವಾರ ನಾಲ್ಕು. "ಇದು ಎಷ್ಟನೇದು?" ಅಂತ ಕೇಳಿದರೆ ಸಾಕು. ಕೊನೇ ಮ್ಯಾಚು ಮುಗಿದ ಮೇಲೆ ಹೊಸದು ಶುರು ಮಾಡಿದರೆ ಮಾತ್ರ ನಾಳೆಯದು ಕಟ್.

ಕೂತಾಗ ಇನ್ನೂ ಮೂರು ಕಡೆ ಕಣ್ಣಿಡಿ. ಮಾತಾಡೋ ಮೈಕ್ ಆನ್ ಇದೆಯಾ, ಯಾರ ಜೊತೆ ಮಾತು ನಡೀತಿದೆ? ದಿನಾ ಬಂದರೆ ಉಡುಗೊರೆ, ಒಂದು ದಿನ ತಪ್ಪಿದರೆ ಮೊದಲಿಂದ ಶುರು ಅನ್ನೋ ಥರ ಏನಾದರೂ ಇದೆಯಾ? ಅಂಗಡಿ ಪುಟ ಹೇಗಿದೆ? ಗಿರಗಿರ ತಿರುಗಿ ಯಾವ ಬಹುಮಾನ ಬರುತ್ತೋ ಗೊತ್ತಿಲ್ಲದ ಒಂದು ಚಕ್ರ ಇರುತ್ತೆ, ಜಾತ್ರೆಯ ಲಕ್ಕಿ ಡಿಪ್ ಇದ್ದ ಹಾಗೆ. ನನ್ನ ಮಟ್ಟಿಗೆ ಹೇಳೋದಾದರೆ ಗುಂಡು ಹಾರಿಸೋದಕ್ಕಿಂತ ಆ ಚಕ್ರ ನೋಡಿ ಜಾಸ್ತಿ ಹೆದರಿದೆ. ಎಲ್ಲಾ ಆಟ ಒಂದೇ ಅಲ್ಲ ಅನ್ನೋದೂ ಆಗಲೇ ತಿಳಿದಿದ್ದು. ಇಟ್ಟಿಗೆ ಜೋಡಿಸಿ ಮನೆ ಕಟ್ಟೋ ಆಟಕ್ಕೂ ಚೆಸ್‌ಗೂ ನಾನು ಲೆಕ್ಕ ಇಡಲ್ಲ.

'ಸರ್ಕಾರನೇ ಬ್ಯಾನ್ ಮಾಡಲಿ' ಅನ್ನುವವರಿದ್ದಾರೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಬ್ಯಾನ್ ಆಯಿತು, ಮಕ್ಕಳು ಫ್ರೀ ಫೈರ್‌ಗೆ ಹೋದರು. 2022ರ ಫೆಬ್ರವರಿಯಲ್ಲಿ ಅದೂ ಬ್ಯಾನ್ ಆಯಿತು, ಅದೇ ಆಟದ ಮ್ಯಾಕ್ಸ್ ಅನ್ನೋ ರೂಪ ಹಾಗೇ ಉಳಿಯಿತು. ದುಡ್ಡು ಕಟ್ಟಿ ಆಡೋ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಥರದವನ್ನು ನಿಷೇಧಿಸಲು 2025ರ ಆಗಸ್ಟ್‌ನಲ್ಲಿ ಕೇಂದ್ರ ಕಾಯ್ದೆ ಬಂತು. ಅದು ಒಳ್ಳೇದೇ ಆಯಿತು. ಆದರೆ ಡೈಮಂಡ್ ಕೊಂಡು ಆಟದೊಳಗೆ ಹೊಸ ಬಟ್ಟೆ ಹಾಕಿಕೊಳ್ಳೋದು ಆ ಲೆಕ್ಕಕ್ಕೆ ಬರಲ್ಲ. ಅದನ್ನು ನೋಡಿಕೊಳ್ಳಬೇಕಾದವರು ಮನೆಯವರೇ.

3. ಅವನಿಗೆ ಅವನದೇ ಅಕೌಂಟ್, ನಿಜವಾದ ವಯಸ್ಸು

ನಮ್ಮಲ್ಲಿ ಬಹಳಷ್ಟು ಮಕ್ಕಳು ಅಪ್ಪನ ಅಥವಾ ಅಮ್ಮನ ಗೂಗಲ್ ಅಕೌಂಟಿನಲ್ಲೇ ಇರುತ್ತಾರೆ. ಇಲ್ಲಾ ಅಂದರೆ ಮೊಬೈಲ್ ಅಂಗಡಿಯವನು 1990 ಅಂತ ಏನೋ ಒಂದು ಹುಟ್ಟಿದ ವರ್ಷ ಹಾಕಿ ಮಾಡಿಕೊಟ್ಟಿರುತ್ತಾನೆ. ಅಲ್ಲಿಗೆ ಎಲ್ಲಾ ಆ್ಯಪ್‌ಗಳಿಗೂ ಅವನು ದೊಡ್ಡವನು. ಪಬ್‌ಜಿಯ ಭಾರತದ ರೂಪ ಬಿಜಿಎಂಐ 2023ರಲ್ಲಿ ವಾಪಸ್ ಬಂದಾಗ 18ರೊಳಗಿನವರಿಗೆ ದಿನಕ್ಕೆ 3 ಗಂಟೆ ಅಂತ ಮಿತಿ ಇಟ್ಟಿದ್ದರು. 1990ರಲ್ಲಿ ಹುಟ್ಟಿದ ಏಳನೇ ಕ್ಲಾಸಿನ ಹುಡುಗನಿಗೆ ಆ ಮಿತಿ ಎಲ್ಲಿ ತಗುಲುತ್ತೆ?

ಗೂಗಲ್‌ನ 'ಫ್ಯಾಮಿಲಿ ಲಿಂಕ್' ಅನ್ನೋ ಆ್ಯಪ್ ಉಚಿತ. ನಿಮ್ಮ ಫೋನಿಗೆ ಹಾಕಿಕೊಳ್ಳಿ. ಅದರಲ್ಲಿ ಮಗುವಿನ ಹೆಸರು, ನಿಜವಾದ ಹುಟ್ಟಿದ ದಿನ ಕೊಟ್ಟು ಹೊಸ ಅಕೌಂಟ್ ಮಾಡಿ. ಆ ಅಕೌಂಟನ್ನು ಮಗು ಬಳಸೋ ಫೋನಿಗೆ ಹಾಕಿ. ಕೂತು ಮಾಡಿದರೆ ಅರ್ಧ ಗಂಟೆ ಕೆಲಸ. ಆಮೇಲೆ ಹೊಸ ಆ್ಯಪ್ ಏನೇ ಇಳಿಸಬೇಕಾದರೂ ನಿಮ್ಮ ಫೋನಿಗೆ ಒಪ್ಪಿಗೆ ಕೇಳಿ ಬರುತ್ತೆ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ಫೋನ್ ಲಾಕ್ ಆಗಬೇಕು, ಯಾವ ಆ್ಯಪ್‌ಗೆ ಎಷ್ಟು ನಿಮಿಷ, ಎಲ್ಲಾ ಅಲ್ಲೇ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಆಟದ ಕೆಳಗೆ 3+, 7+, 12+, 16+, 18+ ಅಂತ ಇರುತ್ತಲ್ಲ, ಯಾವ ಅಂಕಿವರೆಗೆ ಬಿಡಬೇಕು ಅನ್ನೋದನ್ನೂ ನೀವೇ ಇಡಬಹುದು.

ಇದನ್ನು ಕದ್ದು ಮಾಡಬೇಡಿ. ಮಗನ ಮುಂದೆಯೇ, ಅವನ ಕೈಯಲ್ಲೇ ಒತ್ತಿಸಿ ಮಾಡಿ. ಚಾಟ್ ಓದೋ, ಕರೆ ಕೇಳೋ ಗುಟ್ಟಿನ ಆ್ಯಪ್‌ಗಳ ಜಾಹೀರಾತು ಬರುತ್ತೆ, ಅದು ಬೇಡ. ಒಂದಲ್ಲ ಒಂದು ದಿನ ಅವನಿಗೆ ಗೊತ್ತಾಗುತ್ತೆ, ಆಮೇಲೆ ನಿಮ್ಮ ಹತ್ತಿರ ಏನೂ ಹೇಳಲ್ಲ. ಫ್ಯಾಮಿಲಿ ಲಿಂಕ್ ಚಾಟ್ ಓದಲ್ಲ, ಅಷ್ಟು ಖಾಸಗಿ ಅವನಿಗೂ ಇರಲಿ.

ಮನೆಯಲ್ಲಿ ಒಂದೇ ಫೋನ್ ಇದ್ದರೆ? ಫೋನ್ ನಿಮ್ಮದೇ ಇರಲಿ. ಡಿಜಿಟಲ್ ವೆಲ್‌ಬೀಯಿಂಗ್ ಅಂತ ಸೆಟ್ಟಿಂಗ್ಸ್‌ನಲ್ಲಿ ಇದೆ. ಅಲ್ಲಿ ಆ ಆಟಕ್ಕೆ ಟೈಮರ್ ಇಡಿ. ಮಗ ಅದನ್ನು ತೆಗೆಯೋಕೆ ಕಲಿಯುತ್ತಾನೆ, ನಿಜ. ಆದರೂ ಟೈಮ್ ಆಯಿತು ಅಂತ ಫೋನ್ ಹೇಳಿದಾಗ ಆಗೋ ಜಗಳ ನಾವು ಹೇಳಿದಾಗ ಆಗೋದಕ್ಕಿಂತ ಕಡಿಮೆ.

4. ಹೊತ್ತು, ಜಾಗ, ಬಿಸಿಲು

ಫೋನ್ ಮಲಗೋ ಜಾಗ ಒಂದು ಗೊತ್ತು ಮಾಡಿ. ನಮ್ಮಲ್ಲಿ ಅದು ಅಡುಗೆಮನೆಯ ಮಿಕ್ಸಿ ಪಕ್ಕದ ಪ್ಲಗ್. ರಾತ್ರಿ ಒಂಬತ್ತೂವರೆಗೆ ಮೂರು ಫೋನೂ ಅಲ್ಲಿಗೆ ಬರಬೇಕು. ಮೂರು ಅಂದರೆ ನನ್ನದು, ಅವರದು, ಮನೆಯಲ್ಲಿರೋ ಹಳೇದು. ನಮ್ಮನೆಯವರಿಗೆ ಮಲಗಿಕೊಂಡು ಕ್ರಿಕೆಟ್ ತುಣುಕು ನೋಡೋ ಚಟ. ಮೊದಲ ವಾರ ಮಗನಿಗಿಂತ ಅವರೇ ಜಾಸ್ತಿ ಸಿಡುಕಿದರು. ಅಲಾರಂ ನೆಪ ಹೇಳಿದರು. 250 ರೂಪಾಯಿ ಕೊಟ್ಟು ಮಂಡಿಪೇಟೆಯಿಂದ ಒಂದು ಅಲಾರಂ ಗಡಿಯಾರ ತಂದಿಟ್ಟೆ.

ಊಟದ ತಟ್ಟೆ ಮುಂದೆ ಫೋನ್ ಇಲ್ಲ. ಬಚ್ಚಲಿಗೆ ಫೋನ್ ಇಲ್ಲ. ಬಾಗಿಲು ಹಾಕಿದ ರೂಮಿನಲ್ಲಿ ಆಟ ಇಲ್ಲ, ಹಾಲ್‌ನಲ್ಲೇ ಆಡಬೇಕು. ಹೋಂವರ್ಕಿನ ಫೋಟೋ ಗ್ರೂಪಿಗೆ ಬಂದರೆ ಅದನ್ನು ನಾನೇ ನೋಡಿ, ಅವನು ನೋಟ್‌ಬುಕ್ಕಿಗೆ ಬರೆದುಕೊಂಡ ಮೇಲೆ ಫೋನ್ ವಾಪಸ್. 'ಹೋಂವರ್ಕ್ ನೋಡ್ತಿದೀನಿ' ಅನ್ನೋ ನೆಪ ಇದರಿಂದ ಮುಗಿಯಿತು.

ಕಷ್ಟ ಇರೋದು ಬೇಸಿಗೆ ರಜದಲ್ಲಿ. ಏಪ್ರಿಲ್ ಹೊತ್ತಿಗೆ ದಾವಣಗೆರೆ ಬಿಸಿಲು ಹೇಗಿರುತ್ತೆ ಗೊತ್ತಲ್ಲ. ಹನ್ನೊಂದರಿಂದ ನಾಲ್ಕೂವರೆವರೆಗೆ ನಾವೇ ಹೊರಗೆ ಕಾಲಿಡಲ್ಲ, ಮಕ್ಕಳಿಗೆ 'ಹೊರಗೆ ಹೋಗಿ ಆಡು' ಅಂದರೆ ಹೇಗೆ? ಆ ಐದೂವರೆ ಗಂಟೆಗೆ ಬೇರೆ ಏನಾದರೂ ಇಡದೆ ಸುಮ್ನೆ ಫೋನ್ ಬೇಡ ಅಂದರೆ ನಡೆಯಲ್ಲ. ನಾವು ದಿನವನ್ನೇ ಸ್ವಲ್ಪ ಹಿಂದಕ್ಕೆ ತಳ್ಳಿದೆವು. ಬೆಳಗ್ಗೆ ಆರಕ್ಕೆ ಸೈಕಲ್‌ನಲ್ಲಿ ಕುಂದವಾಡ ಕೆರೆ, ಅವನ ಜೊತೆ ಅವರಪ್ಪ. ಗಾಜಿನ ಮನೆ ಕಡೆಯಿಂದ ಒಂದು ಸುತ್ತು ಹಾಕಿ ಎಂಟರೊಳಗೆ ವಾಪಸ್. ಮಧ್ಯಾಹ್ನ ಓಣಿಯ ನಾಲ್ಕು ಹುಡುಗರು ಒಂದು ದಿನ ಒಬ್ಬರ ಮನೆಯಲ್ಲಿ, ಕೇರಂ ಅಥವಾ ಚೌಕಾಬಾರ. ಗಲಾಟೆ ಜಾಸ್ತಿ, ಮಂಡಕ್ಕಿ ಒಗ್ಗರಣೆ ಖಾಲಿ ಆಗೋದೂ ಜಾಸ್ತಿ. ಆದರೆ ಅವನ ಆಟದ ಟೀಮೂ ಅದೇ ನಾಲ್ಕು ಜನ. ಅವರೆಲ್ಲ ಕೇರಂ ಮುಂದೆ ಇದ್ದರೆ ಫೋನ್‌ನಲ್ಲಿ ಆಡೋಕೆ ಜೊತೆ ಯಾರಿದ್ದಾರೆ? ಹಾಗಾಗಿ ಇದನ್ನು ಒಬ್ಬರೇ ಮಾಡಬೇಡಿ, ಆ ಮಕ್ಕಳ ಅಮ್ಮಂದಿರ ಹತ್ತಿರ ಮೊದಲು ಮಾತಾಡಿ.

ಹರಿಹರದ ಮಾವನ ಮನೆಗೆ ಹೋದಾಗ ನಿಯಮ ಎಲ್ಲಾ ಗಾಳಿಗೆ. ಎರಡು ದಿನ ತಾನೇ, ಬಿಟ್ಟುಬಿಡಿ.

5. ಆಚೆ ಕಡೆ ಯಾರಿದ್ದಾರೆ

ಆಟದ ಮೈಕ್‌ನಲ್ಲಿ ಕೇಳೋ ದನಿ ಹನ್ನೆರಡರ ಹುಡುಗನದೂ ಇರಬಹುದು, ನಲವತ್ತರ ಗಂಡಸಿನದೂ ಇರಬಹುದು. ಮಕ್ಕಳಿಗೆ ಭಾಷಣ ಬೇಡ, ಮೂರು ಮಾತು ಸಾಕು. ಊರು, ಶಾಲೆ, ಫೋಟೋ ಹೇಳೋ ಹಾಗಿಲ್ಲ. ಆಟದಿಂದ ಬೇರೆ ಕಡೆ ಮಾತಾಡೋಣ ಬಾ ಅಂದವರನ್ನು ಬ್ಲಾಕ್ ಮಾಡಬೇಕು. 'ಅಮ್ಮನಿಗೆ ಹೇಳ್ಬೇಡ' ಅಂತ ಯಾರಾದರೂ ಅಂದರೆ ಅವತ್ತೇ ಅಮ್ಮನಿಗೆ ಹೇಳಬೇಕು.

ಹೇಳಿದ ದಿನ ನೀವು ಬೈಯಬಾರದು, ಫೋನ್ ಕಿತ್ತುಕೊಳ್ಳಬಾರದು. ಕಿತ್ತುಕೊಂಡರೆ ಇನ್ನೊಂದು ಸಲ ಹೇಳಲ್ಲ. ಯಾರಾದರೂ ಕೆಟ್ಟ ಫೋಟೋ ಕಳಿಸಿದ್ದರೆ, ಕೇಳಿದ್ದರೆ, ಹೆದರಿಸಿದ್ದರೆ, ಗಾಬರಿಯಲ್ಲಿ ಚಾಟ್ ಅಳಿಸಬೇಡಿ. ಆಚೆಯವರ ಐಡಿ, ದಿನಾಂಕ ಬರೆದಿಟ್ಟುಕೊಳ್ಳಿ, ಫೋನನ್ನು ಹಾಗೇ ತೋರಿಸಿ. ಮಕ್ಕಳ ಮೇಲಿನ ಇಂಥ ಕಿರುಕುಳಕ್ಕೆ 2012ರ ಪೋಕ್ಸೋ ಕಾಯ್ದೆ ಇದೆ. ಮಕ್ಕಳ ಸಹಾಯವಾಣಿ 1098. ಹತ್ತಿರದ ಠಾಣೆಗೂ ಹೋಗಬಹುದು.

ಇನ್‌ಸ್ಟಾಗ್ರಾಮ್‌ಗೆ ಕನಿಷ್ಠ ವಯಸ್ಸು 13. ಆರನೇ ಕ್ಲಾಸಿನವರು 'ಎಲ್ಲರ ಹತ್ರನೂ ಇದೆ' ಅಂತಾರೆ. ಇದೆ, ಸುಳ್ಳು ವಯಸ್ಸಿನಲ್ಲಿ.

6. ಚಿಕ್ಕವರು, ಅಜ್ಜಿ, ಅನ್ನ

ನನ್ನ ಮಗಳಿಗೆ ಮೂರೂವರೆ ವರ್ಷ. ನಾನು ಕೆಲಸಕ್ಕೆ ಹೋದಾಗ ಅತ್ತೆ ನೋಡಿಕೊಳ್ಳುತ್ತಾರೆ. "ಫೋನ್ ಇಲ್ದಿದ್ರೆ ಒಂದು ತುತ್ತೂ ಉಣ್ಣಲ್ಲವ್ವ ಇದು" ಅನ್ನೋದು ಅವರ ದೂರು. ಅವರ ಕಷ್ಟವೂ ಸುಳ್ಳಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕ ಹೀಗಿದೆ: ಎರಡು ವರ್ಷ ತುಂಬೋವರೆಗೆ ಸ್ಕ್ರೀನ್ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೇದು. ಇದನ್ನು ಅತ್ತೆಗೆ ಓದಿ ಹೇಳಿದರೆ ಏನೂ ಆಗಲ್ಲ, ನಾನು ಓದಿ ಹೇಳಿ ನೋಡಿದ್ದೇನೆ. ಕೆಲಸ ಮಾಡಿದ್ದು ಬೇರೆ. ಮಗಳ ತಟ್ಟೆಯನ್ನು ಅಡುಗೆಮನೆಯಿಂದ ಜಗಲಿಗೆ ತಂದೆವು. ಬೀದಿಯಲ್ಲಿ ಆಟೋ, ನಾಯಿ, ಸೊಪ್ಪಿನವ್ವ. ಮೂರು ದಿನ ಅತ್ತಳು, ಅರ್ಧಂಬರ್ಧ ಉಂಡಳು. ನಾಲ್ಕನೇ ದಿನ ನಾಯಿಗೊಂದು ತುತ್ತು, ತನಗೊಂದು ತುತ್ತು ಅಂತ ಶುರುವಾಯಿತು. ಮೂರು ದಿನ ಅರ್ಧಂಬರ್ಧ ಉಂಡರೂ ಏನಾಗಲ್ಲ ಅಂತ ಅತ್ತೆಯನ್ನು ಒಪ್ಪಿಸೋದೇ ದೊಡ್ಡ ಕೆಲಸ.

ಸಂಜೆ ಅರ್ಧ ಗಂಟೆ ಕಾರ್ಟೂನ್ ಬಿಡುತ್ತೇನೆ. ಮಾಮೂಲಿ ಯೂಟ್ಯೂಬ್ ಅಲ್ಲ, ಯೂಟ್ಯೂಬ್ ಕಿಡ್ಸ್. ಅದರಲ್ಲೇ ಟೈಮರ್ ಇದೆ, ಮುಗಿದ ಕೂಡಲೇ ತಾನೇ ನಿಲ್ಲುತ್ತೆ. ದೊಡ್ಡವರ ಯೂಟ್ಯೂಬ್‌ನಲ್ಲಿ ಒಂದು ವಿಡಿಯೋ ಮುಗಿದು ಇನ್ನೊಂದು ತಾನಾಗಿ ಶುರುವಾಗೋ 'ಆಟೋಪ್ಲೇ' ಆಫ್ ಮಾಡಿ. ನಿಮಗೂ ಒಳ್ಳೇದು.

7. ಕೈ ಮೀರಿದೆ ಅನ್ನಿಸಿದರೆ

ಜಾಸ್ತಿ ಆಡೋ ಮಗು ಅಂದರೆ ಕಾಯಿಲೆ ಮಗು ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಡಿಸಾರ್ಡರ್ ಅಂತ ಸೇರಿಸಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಅದರಲ್ಲಿ ನೋಡೋದು ಮೂರನ್ನು: ಆಟದ ಮೇಲೆ ಹಿಡಿತ ತಪ್ಪಿದೆಯಾ, ಊಟ ನಿದ್ದೆ ಗೆಳೆಯರು ಎಲ್ಲಕ್ಕಿಂತ ಆಟವೇ ಮುಂದಾಗಿದೆಯಾ, ಕೆಟ್ಟದ್ದಾಗ್ತಿದೆ ಅಂತ ಗೊತ್ತಿದ್ದೂ ಮುಂದುವರಿದಿದೆಯಾ. ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ. ಹಾಗಂತ ಒಂದು ವರ್ಷ ಕಾಯಬೇಕಾಗಿಲ್ಲ. ಶಾಲೆಗೆ ಹೋಗಲ್ಲ ಅಂತ ಕೂತರೆ, ರಾತ್ರಿಯಿಡೀ ಎಚ್ಚರ ಇದ್ದರೆ, ಫೋನ್ ಕೊಡದಿದ್ದಕ್ಕೆ ಹೊಡೆಯೋಕೆ ಬಂದರೆ ಅಥವಾ ಸಾಯೋ ಮಾತಾಡಿದರೆ ಅವತ್ತೇ ಸಹಾಯ ಕೇಳಿ. ಕೊನೆಯದನ್ನಂತೂ 'ಸುಮ್ನೆ ಹೆದರಿಸ್ತಾನೆ' ಅಂತ ಬಿಡಬೇಡಿ.

14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಿಗುತ್ತೆ, ದಿನದ ಯಾವ ಹೊತ್ತಿಗಾದರೂ, ಕನ್ನಡದಲ್ಲೇ, ಉಚಿತವಾಗಿ. ಎದುರು ಕೂತು ಮಾತಾಡಬೇಕು ಅಂದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 'ಶಟ್ ಕ್ಲಿನಿಕ್' ಇದೆ, 2014ರಲ್ಲಿ ಶುರುವಾಗಿದ್ದು. 'ಹುಚ್ಚಾಸ್ಪತ್ರೆಗೆ ಕರ್ಕೊಂಡು ಹೋದ್ರು' ಅನ್ನೋ ಓಣಿ ಮಾತಿಗೆ ಹೆದರಿ ತಡ ಮಾಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಯಾರಿಗೂ ಹೇಳಬೇಕಾಗಿಲ್ಲ, ಸುಮ್ನೆ ಬೆಳಗ್ಗೆ ರೈಲು ಹತ್ತಿ.

ಹಳೆ ಫೋನ್ ಬಗ್ಗೆ ಒಂದು ಮಾತು

ನೀವು ಹೊಸ ಫೋನ್ ತಗೊಂಡ ದಿನ ಹಳೇದು ಮಕ್ಕಳ ಕೈಗೆ ಹೋಗುತ್ತೆ, ಅಲ್ವಾ? ಅದರಲ್ಲಿ ನಿಮ್ಮ ಗೂಗಲ್ ಅಕೌಂಟ್, ನಿಮ್ಮ ಕಾರ್ಡ್, ನಿಮ್ಮ ಫೋಟೋಗಳು ಹಾಗೇ ಕೂತಿರುತ್ತವೆ. ಕೊಡೋ ಮುಂಚೆ ಬೇಕಾದ್ದನ್ನು ಹೊಸ ಫೋನಿಗೆ ತಗೊಂಡು, ನಿಮ್ಮ ಅಕೌಂಟ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಒಳಗಿರೋದೆಲ್ಲ ಅಳಿಸಿ ಹೊಸ ಫೋನಿನ ಹಾಗೆ ಮಾಡಿ. ಆಮೇಲೆ ಮೂರನೇ ಹೆಜ್ಜೆಯಲ್ಲಿ ಹೇಳಿದ ಮಗುವಿನ ಅಕೌಂಟ್ ಮಾತ್ರ ಹಾಕಿ. ಸಿಮ್ ಬೇಡ, ವೈಫೈ ಸಾಕು. ವೈಫೈ ಪಾಸ್‌ವರ್ಡ್ ಮಾತ್ರ ಅಂಗಡಿಗೆ ಕಳಿಸುವಾಗ ಪಿನ್ ಹೇಳಿದ ಹಾಗೆ ಹೇಳಿಬಿಡಬೇಡಿ, ನೀವೇ ಒತ್ತಿ ಕೊಡಿ.